ಹಂಗಾಮಿನ ಕಡೆಯ ಕೂಗು

ಗೋಣಿಚೀಲವನ್ನು ಎರಡನೆಯ ಸಲ ಪಂಜರದ ಮೇಲೆ ಎಳೆದು, ಅದರ ಅಂಚಿಗೆ ಒಂದು ಕಲ್ಲು ಹೇರಿ, ದುರುಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಈಗರ ಸುಮ್ಕಿರು. ನಿನ್ನ ಸಾಕಿದಂವ ಸತ್ತಾನ. ಗೊತ್ತಾಗವಲ್ದೇನು?"

ಒಳಗಿದ್ದ ಕೌಜುಗ ಹಕ್ಕಿ ಒಂದು ಗಳಿಗೆ ಸುಮ್ಮನಾಯಿತು. ಪಡಸಾಲೆಯಲ್ಲಿ ಪಕ್ಕದ ಮನೆಯ ಬಸ್ಸಮ್ಮ ಮೂಗು ಒರೆಸಿಕೊಂಡು, "ಎದ್ದು ಮಾತಾಡೋ ನನ್ನಣ್ಣಾ" ಎಂದು ರಾಗ ಎತ್ತಿದ್ದೇ ತಡ, ಚೀಲದೊಳಗಿಂದ 'ಕಟೀತರ್, ಕಟೀತರ್' ಎಂದು ಅದು ಮೊದಲಿಗಿಂತ ಜೋರಾಗಿ ಕೂಗಿತು. ಬಸ್ಸಮ್ಮನ ರಾಗ ನಡುವೆಯೇ ಕಡಿದುಹೋಯಿತು. ಬಾಗಿಲ ಬಳಿ ಕೂತಿದ್ದ ಗಂಡಸರಲ್ಲಿ ಯಾರೋ ಟವೆಲ್ಲು ಬಾಯಿಗೆ ಒತ್ತಿಕೊಂಡು ನಕ್ಕರು.

"ನಾ ಅಳಲೋ ಬ್ಯಾಡೋ ಅಂತ ಮೊದ್ಲು ಇದನ್ನ ಕೇಳಿ ಬಂದು ಹೇಳಬೇ ದುರುಗಮ್ಮ," ಎಂದಳು ಬಸ್ಸಮ್ಮ.

"ಅಳು. ಅದೇನು ನಿನ್ನ ಕೇಳಿ ಕೂಗತೈತೇನು."

ಗದ್ದೆಪ್ಪ ಚಾಪೆಯ ಮೇಲೆ ಮಲಗಿದ್ದ. ಹಿಂದಿನ ದಿನ ಸಂಜೆ ಹೊರಸಿನ ಮೇಲೆ ಪ್ರಾಣ ಹೋದಾಗ ಅವನ ಮುಖ ಬಲಕ್ಕೆ, ಗೋಡೆಯ ಕಡೆಗೆ ತಿರುಗಿತ್ತು. ಆಮೇಲೆ ನೇರ ಮಾಡಲು ನೋಡಿದರು. ಗದ್ದಕ್ಕೆ ಬಟ್ಟೆ ಕಟ್ಟಿದರು, ಕೆನ್ನೆಗೆ ಜೋಳದ ಗಂಟೊಂದನ್ನು ಒತ್ತಿಟ್ಟರು. ಕತ್ತು ಮಾತ್ರ ಗೋಡೆಯ ಕಡೆಗೇ ಇತ್ತು. ಬಂದವರೆಲ್ಲ ಎದುರು ನಿಂತು ಕೈಮುಗಿದರೆ ಅವನು ಇನ್ನೆಲ್ಲೋ ನೋಡುತ್ತಿರುವವನ ಹಾಗೆ ಕಾಣುತ್ತಿದ್ದ.

ದುರುಗಮ್ಮನಿಗೆ ಕಣ್ಣೀರು ಬಂದಿರಲಿಲ್ಲ. ಸಿಟ್ಟು ಬಂದಿತ್ತು. ನಿನ್ನೆ ಅವನು ರಾಯಚೂರಿಗೆ ಹೋಗಿ ಸೀಮೆಎಣ್ಣೆ ತರುವುದನ್ನು ಮರೆತು, ಹಕ್ಕಿಗೆ ನವಣೆ ತಂದಿದ್ದ. ಅವಳು ಎದುರು ನಿಂತು ಬೈದಳು. ಹೊರಸಿನ ಮೇಲೆ ಅಡ್ಡಾಗಿದ್ದ ಅವನು ಎಂದಿನಂತೆ ಮುಖ ಗೋಡೆಯ ಕಡೆ ತಿರುಗಿಸಿದ. ಅವಳು ಇನ್ನಷ್ಟು ಬೈದಳು. ಬೈದು ಬೈದು ಸಾಕಾಗಿ, "ಹ್ಞೂಂ ಅನ್ನಾಕರ ಬಾಯಿ ಇಲ್ಲೇನು" ಎಂದು ತೋಳು ಹಿಡಿದು ಅಲ್ಲಾಡಿಸಿದಾಗಲೇ ಗೊತ್ತಾದದ್ದು. ಬೈಗುಳದಲ್ಲಿ ಎಷ್ಟು ಜೀವಂತ ಇದ್ದವನಿಗೆ ಬಿತ್ತು, ಎಷ್ಟು ಹೆಣಕ್ಕೆ ಬಿತ್ತು ಎಂಬುದು ಅವಳಿಗೆ ತಿಳಿದಿರಲಿಲ್ಲ.

"ಸಾಯೋ ಹೊತ್ತಿಗೂ ನನ್ನ ಮಾರಿ ನೋಡಲಿಲ್ಲ ನೋಡು," ಎಂದು ರಾತ್ರಿಯಿಂದ ಬಂದವರಿಗೆಲ್ಲ ಹೇಳುತ್ತಿದ್ದಳು. ಮಾನ್ವಿಯಿಂದ ಬಂದ ಮಗಳು ಗೋಪಮ್ಮ, "ಸಾಕು ಬಿಡಬೇ ಯವ್ವಾ," ಎಂದು ಎರಡು ಸಲ ಅಂದು ಬಿಟ್ಟಿದ್ದಳು.

ಊರಿನಲ್ಲಿ ಸತ್ತ ಮನೆಯ ರೀತಿ ರಿವಾಜು ನೋಡಿಕೊಳ್ಳುತ್ತಿದ್ದ ಮುದುಕ ಮಲ್ಲಯ್ಯ ಅಂಗಳದಿಂದ ಬಗ್ಗಿ ನೋಡಿದ. "ದುರುಗಮ್ಮ, ಬಿಸಲು ನೆತ್ತಿಗಿ ಬಂತು. ಯುಗಾದಿ ಬಿಸಲು. ಹೆಣ ತಡಿಯಂಗಿಲ್ಲ. ಎತ್ತಾನೇನು?"

"ನಮ್ಮ ಭಾವ ಬರ್ಲಿ."

"ಬಸ್ಸು ಬಂದು ಹೊಳ್ಳಿ ಹೋತು. ನಿಮ್ಮ ಭಾವ ಅದರಾಗ ಇದ್ದಿಲ್ಲ."

"ಇನ್ನೊಂದು ಬರ್ತದ."

"ಅದರಾಗೂ ಬರದಿದ್ರ?"

"ಬರದಿದ್ರ ಇಲ್ಲೇ ಇರ್ಲಿ. ಇದ್ದಾಗರ ಎಲ್ಲಿಗಿ ಎದ್ದು ಹೋಗತಿದ್ದ, ಕೂಗಿದ್ರೂ ಏಳದಂವ."

ಮಲ್ಲಯ್ಯ ತಲೆಯ ಮೇಲಿನ ರುಮಾಲು ತೆಗೆದು ಜಾಡಿಸಿ ಮತ್ತೆ ಸುತ್ತಿಕೊಂಡ. ಬೆಳಗಿನಿಂದ ಅದನ್ನೇ ಮಾಡುತ್ತಿದ್ದ.

ಅವಳ ಹಟಕ್ಕೆ ಕಾರಣವಿತ್ತು. ಗುಂಜಹಳ್ಳಿಯ ಸುಡುಗಾಡಿನ ದಾರಿಯಲ್ಲಿ ಇಳಿಸುವ ಕಲ್ಲು ಎಂದು ಒಂದಿದೆ. ಹೆಣ ಹೊತ್ತವರು ಅಲ್ಲಿ ಸಿದಿಗೆಯನ್ನು ಇಳಿಸುತ್ತಾರೆ. ಮಗನೋ, ಒಡಹುಟ್ಟಿದವನೋ ಸತ್ತವನ ಬಲಗಿವಿಗೆ ಬಾಯಿಟ್ಟು ಹೆಸರು ಹಿಡಿದು ಮೂರು ಸಲ ಕರೆಯುತ್ತಾನೆ. ಎಲ್ಲಾದರೂ ಒಂದು ಎಳೆ ಉಸಿರು ಉಳಿದಿದ್ದರೆ, ತನ್ನವರ ದನಿಗೆ ಎದ್ದಾನು ಎಂದು ಹಿಂದಿನವರ ಆಸೆ. ಮೂರು ಸಲಕ್ಕೂ ಓಗೊಡದಿದ್ದರೆ ಮಾತ್ರ ಮುಂದೆ ಹೊರುವುದು. ಹೆಂಗಸರು ಆ ಕಲ್ಲಿನವರೆಗೆ ಬರಬಹುದು, ಅಲ್ಲಿಂದ ಮುಂದಿಲ್ಲ.

ಗದ್ದೆಪ್ಪನಿಗೆ ಗಂಡು ಮಕ್ಕಳಿರಲಿಲ್ಲ. ಇದ್ದವನು ಒಬ್ಬ ಅಣ್ಣ, ಈಗ ಅರಕೇರಾದಲ್ಲಿರುವ ಮೌನಪ್ಪ. ಅವನು ಈ ಮನೆಯ ಹೊಸ್ತಿಲು ತುಳಿಯದೆ ಹತ್ತು ವರ್ಷದ ಹತ್ತಿರ ಬಂದಿತ್ತು.

"ನಾ ಕರೀತೀನಿ ಮುತ್ಯಾ," ಎಂದು ಗೋಪಮ್ಮ ಕೇಳಿದ್ದಳು.

"ಕೊಟ್ಟ ಹೆಣ್ಣು ಇನ್ನೊಬ್ಬರ ಮನಿದಾತು. ನಿನಗ ಬರಂಗಿಲ್ಲವ್ವ."

"ನನಗ?" ಎಂದು ದುರುಗಮ್ಮ ಕೇಳಲಿಲ್ಲ. ಗಂಡನ ಹೆಸರು ಹೆಂಡತಿಯ ನಾಲಿಗೆಯ ಮೇಲೆ ಬರಬಾರದು. ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಮದುವೆಯ ದಿನ ಅತ್ತೆ ಹೇಳಿದ್ದಳು. ರೇಷನ್ ಅಂಗಡಿಯವನು ಯಜಮಾನನ ಹೆಸರು ಕೇಳಿದರೂ ಬಸ್ಸಮ್ಮನನ್ನು ಮುಂದೆ ತಳ್ಳಿದವಳು ಅವಳು.

"ಬ್ಯಾರೆ ಯಾರೂ ಇಲ್ಲಂದ್ರ ಹಿರೇರಾಗಿ ನಾನೇ ಕರೀತೀನಿ," ಎಂದ ಮಲ್ಲಯ್ಯ.

"ಈ ಸೀಮಿಯಾಗಿನ ಹಕ್ಕೀನೆಲ್ಲಾ ಹೊಟ್ಟಿಲೆ ಹುಟ್ಟಿದವ್ರಂಗ ಕರದಾನ ಈ ಮನಷ್ಯಾ. ಇವನ್ನ ಕರಿಯಾಕ ಊರ ಮಂದಿ ಬೇಕೇನು? ನಮ್ಮ ಭಾವನೇ ಬರ್ಲಿ."

ಚೀಲದೊಳಗಿನ ಹಕ್ಕಿ ಹೌದೆಂಬಂತೆ ಕೂಗಿತು.

* * *

ಮದುವೆಯಾದ ಹೊಸತು. ಎಪ್ಪತ್ತನೆಯ ಇಸವಿಯ ಆಚೀಚೆ. ಬಿಳಿಜೋಳ ಕೊಯ್ದು ಹೊಲದಲ್ಲಿ ಕೂಳೆ ಮಾತ್ರ ನಿಂತಿದ್ದ ಕಾಲ. ಅಣ್ಣ ತಮ್ಮ ಇಬ್ಬರೂ ಕೂಡಿ ಕೌಜುಗ ಕರೆಯಲು ಹೋಗುತ್ತಿದ್ದರು. ಹಕ್ಕಿಯಂತೆಯೇ ಕೂಗಿ, ಅದು ತನ್ನ ಜಾಗಕ್ಕೆ ಇನ್ಯಾವನೋ ಬಂದ ಎಂದು ಜಗಳಕ್ಕೆ ಓಡಿಬರುವಂತೆ ಮಾಡುವುದು ಅವರ ಕೆಲಸ. ರಾಯಚೂರಿನ ಅಕ್ಕಿ ಗಿರಣಿಯ ಸಾವ್ಕಾರರು ಜೀಪು ಮಾಡಿಕೊಂಡು ಶಿಕಾರಿಗೆ ಬಂದರೆ ಮೊದಲು ಕೇಳುತ್ತಿದ್ದದ್ದು ಗದ್ದೆಪ್ಪನನ್ನು.

ಒಂದು ಬೆಳಗ್ಗೆ ಮೌನಪ್ಪ ಊರಲ್ಲಿರಲಿಲ್ಲ. ಉರುಲಿನ ದಾರ ಹಿಡಿಯಲು ಒಬ್ಬರು ಬೇಕಿತ್ತು. ಗದ್ದೆಪ್ಪ ಹೆಂಡತಿಯನ್ನು ಕರೆದುಕೊಂಡು ಹೋದ.

ಜಾಲಿಯ ಕಂಟಿಯ ಹಿಂದೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತರು. ಅವನು ಎರಡು ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದು ಒಂದು ಸಲ ಕೂಗಿದ. ಮನುಷ್ಯನ ಬಾಯಿಂದ ಬಂದದ್ದು ಎಂದು ಪಕ್ಕದಲ್ಲಿದ್ದ ಅವಳಿಗೇ ಅನ್ನಿಸಲಿಲ್ಲ. ಕೂಗಿ ಸುಮ್ಮನೆ ಕೂತುಬಿಟ್ಟ.

ಅವಳು ಕಾದಳು. ಇರುವೆ ಕಚ್ಚಿತು. ಕಾಲು ಜೋಮು ಹಿಡಿಯಿತು.

"ಇನ್ನೊಂದ್ಸಲ ಕೂಗು," ಎಂದಳು.

ಅವನು ಅಂಗೈಯನ್ನು ನೆಲದ ಕಡೆ ಮಾಡಿ ಗಾಳಿಯಲ್ಲಿ ಹಿಡಿದ. ಸುಮ್ಮನಿರು ಎಂದು ಅರ್ಥ.

ಮತ್ತೆ ಕಾದರು. ಬಿಸಿಲು ಬೆನ್ನಿಗೆ ಏರಿತು.

"ಕೇಳಿಸಿಲ್ಲೇನೋ ಅದಕ್ಕ. ಜೋರಾಗಿ ಕೂಗು."

"ಕೇಳ್ಯಾದ," ಎಂದ ಅವನು ಪಿಸುಮಾತಿನಲ್ಲಿ. "ಹಂಗಾಮು ಮುಗಿಯಾಕ ಬಂದದ. ಎಲ್ಲಾರ ಕೂಗನೂ ಕೇಳಿ ಕೇಳಿ ಬ್ಯಾಸರಾಗ್ಯಾವು. ಕೂಗಿದಷ್ಟೂ ದೂರ ಹೋಗತಾವು. ಈಗ ಒಂದೇ ಸಲ ಕರೀಬೇಕು. ಕರದು ಸುಮ್ಕ ಕುಂದರಬೇಕು. ಬರೋದಿದ್ರ ಅದಕ್ಕ ಬರ್ತದ."

"ಬರದಿದ್ರ?"

"ಕುಂತಿದ್ದು ಸುಳ್ಳೇನೂ ಆಗಂಗಿಲ್ಲಲ್ಲ."

ಅವಳಿಗೆ ಎದ್ದು ಮನೆಗೆ ಹೋಗುವಷ್ಟು ಸಿಟ್ಟು ಬಂತು. ಅವನ ಅಂಗೈ ಇನ್ನೂ ಹಾಗೆಯೇ ಇತ್ತು. ನಡುಗಲಿಲ್ಲ, ಇಳಿಯಲಿಲ್ಲ. ಆ ಕೈಯನ್ನೇ ನೋಡುತ್ತ ಕೂತವಳಿಗೆ ಕೂಳೆಯ ನಡುವೆ ಮಣ್ಣಿನ ಬಣ್ಣದ್ದೇನೋ ಕದಲಿದ್ದು ಕಂಡಿತು. ಹಕ್ಕಿ ಕೂಗದೆ, ಕತ್ತು ನೀಳ ಮಾಡಿ, ಒಂದೊಂದೇ ಹೆಜ್ಜೆ ಇಡುತ್ತ ಅವರ ಕಡೆಗೇ ಬರುತ್ತಿತ್ತು.

* * *

ಮಧ್ಯಾಹ್ನ ಮನೆಯ ಮುಂದೆ ಆಟೋ ನಿಂತಿತು. ಇಳಿದವನು ಲಾಲ್ ಸಾಬ್. ಒಂದು ಕಾಲದಲ್ಲಿ ಸಾವ್ಕಾರರ ಶಿಕಾರಿ ಜೀಪು ಓಡಿಸುತ್ತಿದ್ದ. ಜೀಪು ಹೋಗಿ ಈಗ ರಾಯಚೂರಿನಲ್ಲಿ ಸ್ವಂತ ಆಟೋ ಆಗಿತ್ತು. ಒಳಗೆ ಬಂದು ಗದ್ದೆಪ್ಪನ ಕಾಲು ಮುಟ್ಟಿದ. ತಲೆಯ ಕಡೆ ಹೋಗಿ ಮುಖ ನೋಡಿದ. ಗೋಡೆ ಮತ್ತು ಹೆಣದ ನಡುವೆ ತಲೆ ತೂರಿಸಿಯೇ ನೋಡಬೇಕಾಯಿತು.

"ಅರೇ ಗದ್ದೆಪ್ಪ, ಈ ಕಡಿ ತಿರಗೋ ಮಾರಾಯಾ," ಎಂದು ಹೇಳಿ, ಹೊರಗೆ ಹೋಗಿ ಕಣ್ಣೊರೆಸಿಕೊಂಡ.

ಗೋಪಮ್ಮ ಅವನಿಗೆ ನೀರು ಕೊಟ್ಟಳು. ಕುಡಿದು ಸುತ್ತ ನೋಡಿದ. "ಮೌನಪ್ಪ ಎಲ್ಲಿ?"

"ಬಂದಿಲ್ಲ," ಎಂದ ಮಲ್ಲಯ್ಯ. "ಅವನ ಸಲುವಾಗೇ ಎಲ್ಲಾರೂ ಬಿಸಲಾಗ ಒಣಗಾಕತ್ತೀವಿ."

"ಬಂದಿಲ್ಲಂದ್ರ ಹೆಂಗ? ಮುಂಜಾನಿ ಬಸ್‌ಸ್ಟ್ಯಾಂಡಿನಾಗ ನಾನೇ ನೋಡಿನಿ. ದೇವದುರ್ಗದ ಬಸ್ಸಿಂದ ಇಳಿದು ಗುಂಜಹಳ್ಳಿ ಬಸ್ಸು ಹತ್ತಿದ. ಕೂಗಿದೆ, ಹೊಳ್ಳಿ ನೋಡಲಿಲ್ಲ."



"ಬಸ್ಸು ಹತ್ತಿದಂವ ಊರಿಗಿ ಇಳಿದಿಲ್ಲಂದ್ರ ಆಕಾಶಕ್ಕ ಹಾರಿದನೇನು?" ಎಂದಳು ದುರುಗಮ್ಮ.

"ನಡುವ ನಾಲಾದ ಹತ್ರ ಇಳಿದಾನು. ಅವರ ಮನಿತನದಾಗ ಯಾರು ನೆಟ್ಟಗ ದಾರಿ ಹಿಡಿದು ಬಂದಾರ?" ಎಂದಳು ಬಸ್ಸಮ್ಮ.

"ಹೆಸರು ಮೌನಪ್ಪ. ಆ ಬಾಯಿ ಮಾತ್ರ ಹುಟ್ಟಿದಾಗಿಂದ ಮುಚ್ಚಿಲ್ಲ," ಎಂದು ಲಾಲ್ ಸಾಬ್ ಸಣ್ಣಗೆ ನಕ್ಕ. "ಗದ್ದೆಪ್ಪ ಒಂದು ಕೂಗು ಹಾಕಿದ್ರ ಈತ ಹತ್ತು ಹಾಕತಿದ್ದ. ಹಂಗಾಮಿನ ಕಡಿಗಿ ಕೂಗಬ್ಯಾಡೋ ಅಂದ್ರ ಕೇಳತಿದ್ದಿಲ್ಲ. ಅವತ್ತು ಇಬ್ಬರೂ ಒಬ್ಬರನ್ನೊಬ್ಬರು ಕರಕೊಂಡ್ರಲ್ಲ, ಅದು ಹಂಗೇ ಆದದ್ದು."

ಆ ಕತೆ ಊರಿಗೆಲ್ಲ ಗೊತ್ತಿತ್ತು. ಆದರೂ ಸತ್ತವನ ಮುಂದೆ ಅವನ ಕತೆ ಹೇಳದಿದ್ದರೆ ಹೊತ್ತು ಹೋಗುವುದಿಲ್ಲ. ಲಾಲ್ ಸಾಬ್ ಹೇಳಿದ. ನಾಲಾದ ಆ ದಂಡೆಗೆ ಅಣ್ಣ ಕೂತ, ಈ ದಂಡೆಗೆ ತಮ್ಮ. ಎಲ್ಲಿ ಕೂತಿದ್ದೇನೆಂದು ಒಬ್ಬರಿಗೊಬ್ಬರು ಹೇಳಿರಲಿಲ್ಲ. ಅಣ್ಣ ಕೂಗಿದ. ತಮ್ಮ, ಒಳ್ಳೆ ಗಂಡು ಹಕ್ಕಿ ಎಂದುಕೊಂಡು ಓಗೊಟ್ಟ. ಅಣ್ಣ ಅದಕ್ಕೆ ಜವಾಬು ಕೊಟ್ಟ. ಇಬ್ಬರೂ ಹೊಟ್ಟೆಯ ಮೇಲೆ ತೆವಳುತ್ತ ಒಬ್ಬರ ಕಡೆಗೆ ಒಬ್ಬರು ಸರಿದರು. ಕಡೆಗೆ ಒಂದೇ ಕಂಟಿಯ ಆಚೆ ಒಬ್ಬ, ಈಚೆ ಒಬ್ಬ.

"ಕಂಟಿ ಸರಿಸಿ ನೋಡ್ತಾರ, ಅಣ್ಣ ತಮ್ಮ! ನಮ್ಮ ಸಾವ್ಕಾರಂತೂ ವಾರಗಟ್ಟಲೆ ನಕ್ಕ. ಇಬ್ಬರನೂ ಪಂಜರದಾಗ ಹಾಕಿ ರಾಯಚೂರ ಸಂತಿಗಿ ಒಯ್ಯಬೇಕಂತಿದ್ದ."

ಕೂತವರೆಲ್ಲ ನಕ್ಕರು. ಗೋಪಮ್ಮನೂ ನಕ್ಕಳು. ದುರುಗಮ್ಮ ನಗಲಿಲ್ಲ. "ಅಷ್ಟಕ್ಕ ಹತ್ತು ವರ್ಷ ಮಾತು ಬಿಡೋದೇನು ಸಾಬಣ್ಣ? ಮಂದಿ ನಕ್ಕರಂತ ಒಡಹುಟ್ಟಿದವ್ರು ಮಾರಿ ನೋಡೋದು ಬಿಡ್ತಾರೇನು? ಈತನ್ನ ಕೇಳಿದ್ರ ಬಾಯಿ ಬಿಡಲಿಲ್ಲ. ಆತ ಈ ಕಡಿ ಹಾಯಲಿಲ್ಲ. ಇಬ್ಬರ ನಡುವ ನಾ ಒಬ್ಬಾಕಿ ಹುಚ್ಚಿ."

ಲಾಲ್ ಸಾಬ್ ಖಾಲಿ ಚೊಂಬನ್ನು ಕೆಳಗಿಟ್ಟ. "ನಾನೂ ಅವತ್ತು ಜೀಪಿನಾಗಿದ್ದೆ ಯವ್ವಾ. ಹೊಳ್ಳಿ ಬಂದ ಮ್ಯಾಲೆ ಅವರು ಹೇಳಿದ್ದಷ್ಟೇ ನನಗ ಗೊತ್ತು."

* * *

ಅಂದು ಗದ್ದೆಪ್ಪ ಮನೆಗೆ ಬಂದಾಗ ತಲೆಗೆ ಟವೆಲ್ಲು ಬಿಗಿದು ಸುತ್ತಿಕೊಂಡಿದ್ದ. ಬಲಗಿವಿಯ ಹತ್ತಿರ ಟವೆಲ್ಲು ಕೆಂಪಾಗಿತ್ತು.

"ಏನಾತು?"

"ಜಾಲಿಮುಳ್ಳು ಗೀರಿತು."

ದುರುಗಮ್ಮ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟಳು. ಅವನು ಹಲ್ಲು ಕಚ್ಚಿಕೊಂಡು ಕೂತ. ಹಣೆಯ ಮೇಲೆ ಕಪ್ಪು ಹುಡಿ ಅಂಟಿತ್ತು. ಸುಟ್ಟ ಕೂಳೆಯ ಬೂದಿ ಇರಬೇಕೆಂದು ಸೆರಗಿನಿಂದ ಒರೆಸಿದಳು. ಆಮೇಲೆ ಅವನು ಅಣ್ಣನೂ ತಾನೂ ಒಬ್ಬರನ್ನೊಬ್ಬರು ಕರೆದುಕೊಂಡ ಕತೆ ಹೇಳಿದ. ಚೆನ್ನಾಗಿ ಹೇಳಿದ. ಕಂಟಿಯ ಆಚೆಯಿಂದ ಅಣ್ಣನ ಮೀಸೆ ಕಂಡಿತೆಂದು ಹೇಳುವಾಗ ಅವಳು ಬಿದ್ದು ಬಿದ್ದು ನಕ್ಕಳು. ಅವಳು ನಗುವುದನ್ನೇ ನೋಡುತ್ತಿದ್ದ. ನಗು ನಿಂತ ಮೇಲೆ, "ಉಣ್ಣಾಕ ನೀಡು," ಎಂದ.

ಅವನು ಮುಖ ತಿರುಗಿಸಲು ಶುರು ಮಾಡಿದ್ದು ಆ ಬೇಸಿಗೆಯಿಂದಲೇ. ದುರುಗಮ್ಮ ಎದುರು ನಿಂತು ಏನಾದರೂ ಹೇಳಲು ಬಾಯಿ ತೆರೆದರೆ ಅವನ ಮುಖ ಮೆಲ್ಲಗೆ ಬಲಕ್ಕೆ ಹೊರಳುತ್ತಿತ್ತು. ಒಲೆಯ ಮುಂದಿನಿಂದ "ಗೋಪಿ ಅಪ್ಪಾ" ಎಂದು ಕೂಗಿದರೆ ಮೂರನೆಯ ಕೂಗಿಗೂ ಓಗೊಡುತ್ತಿರಲಿಲ್ಲ. ಒಮ್ಮೊಮ್ಮೆ ಎದ್ದು ಅವಳಿಲ್ಲದ ಕಡೆಗೇ ಹೋಗಿ ಬಾಗಿಲಲ್ಲಿ ನಿಂತು, "ಏನಂದಿ?" ಎನ್ನುತ್ತಿದ್ದ.

"ಹಕ್ಕಿ ಎರಡು ಹೊಲ ದಾಟಿ ಉಸಿರು ಬಿಟ್ಟಿದ್ದು ಕೇಳತದ. ನಾ ಮಗ್ಗಲದಾಗ ಕೂಗಿದ್ದು ಕೇಳಂಗಿಲ್ಲ," ಎಂದು ಅವಳು ಬಸ್ಸಮ್ಮನ ಮುಂದೆ ಹೇಳಿಕೊಳ್ಳುತ್ತಿದ್ದಳು.

"ಗಂಡಸರದು ಅದೇ ಹಣೇಬರಹ ಬಿಡು. ನಮ್ಮನಿ ಮನಷ್ಯಾಗ ಉಣ್ಣಾಕ ಬಾ ಅಂದಿದ್ದೊಂದೇ ಕೇಳತದ."

"ಕೇಳದಿದ್ರ ಚಿಂತಿ ಇಲ್ಲ. ಮಾರಿ ಯಾಕ ತಿರುವಬೇಕು? ನಾ ಅಷ್ಟು ಹೊಲಸ ಕಾಣತೀನೇನು?"

ಅದೇ ವರ್ಷದಿಂದ ಅವನು ಶಿಕಾರಿಯವರ ಜೊತೆ ಹೋಗುವುದೂ ಕಡಿಮೆಯಾಯಿತು. ಜೀಪು ಬಂದರೆ ಮೈ ಹುಷಾರಿಲ್ಲ ಎನ್ನುತ್ತಿದ್ದ. ಗಂಟಲಿಗೆ ಏನೂ ಆಗಿರಲಿಲ್ಲ. ಹಿತ್ತಲಲ್ಲಿ ಕೂತು ಪಂಜರದ ಹಕ್ಕಿಯ ಜೊತೆ ಮೊದಲಿನಷ್ಟೇ ಚಂದ ಕೂಗುತ್ತಿದ್ದ. ಹತ್ತಿ ಬಿಡಿಸುವ ಕೂಲಿಗೆ ಹೋದ. ದುಡಿದು ತಂದ, ಉಂಡ, ಗೋಡೆ ನೋಡಿದ. ಅವಳು ಬೈದಷ್ಟೂ ನೋಡಿದ.

* * *

ಎರಡನೆಯ ಬಸ್ಸೂ ಬಂದು ಹೋಯಿತು. ಮಲ್ಲಯ್ಯ ಯಾರನ್ನೂ ಕೇಳದೆ ಸಿದಿಗೆ ಕಟ್ಟಿಸಲು ಶುರು ಮಾಡಿದ. ಬಿದಿರು ಕಡಿಯುವ ಸದ್ದಿಗೆ ಪಂಜರದ ಹಕ್ಕಿ ಮತ್ತೆ ಕೂಗಿತು. ಈ ಸಲ ಯಾರೂ ನಗಲಿಲ್ಲ. ಎಲ್ಲರಿಗೂ ಬೇಸರ ಬಂದುಹೋಗಿತ್ತು.

"ಇದರ ಕುತಿಗಿ ಮುರೀರೋ ಯಾರಾರ," ಎಂದ ಮಲ್ಲಯ್ಯ.

ಆಗ ದೂರದಿಂದ, ನಾಲಾದ ಕಡೆಯಿಂದ, ಇನ್ನೊಂದು ಕೌಜುಗ ಕೂಗಿತು. 'ಕಟೀತರ್, ಕಟೀತರ್, ಕಟೀತರ್.' ಪಂಜರದ್ದು ಓಗೊಟ್ಟಿತು. ದೂರದ್ದು ಮತ್ತೆ ಕೂಗಿತು. ಬಿಡಲಿಲ್ಲ. ಒಂದರ ಬಾಲಕ್ಕೆ ಒಂದು.

ಗೋಪಮ್ಮನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದ ದುರುಗಮ್ಮ ಕಣ್ಣು ಬಿಟ್ಟಳು. ತಲೆ ಎತ್ತಿ ಕೇಳಿದಳು. ಅವಳ ಮುಖದ ಮೇಲೆ ಬೆಳಗಿನಿಂದ ಇದ್ದ ಸಿಟ್ಟು ಇನ್ನೊಂದು ಸಿಟ್ಟಿಗೆ ಜಾಗ ಬಿಟ್ಟಿತು.

"ಸಾಬಣ್ಣ, ಆಟೋ ತಗೊಂಡು ನಾಲಾದ ಹತ್ರ ಹೋಗು. ನಮ್ಮ ಭಾವ ಕಂಟಿ ಹಿಂದ ಕುಂತಾನ. ಎಳಕೊಂಡು ಬಾ."

"ಅದು ಹಕ್ಕಿ ಯವ್ವಾ."

"ಹಂಗಾಮು ಮುಗಿದು ಹೋಗ್ಯಾದ. ಈ ದಿನದಾಗ ಯಾವ ಹಕ್ಕಿ ಇಷ್ಟು ಕೂಗತದ? ಹಕ್ಕಿಗಿ ಬುದ್ಧಿ ಇರತದ. ಬುದ್ಧಿ ಇಲ್ಲದಂವ ಒಬ್ಬನೇ."

ಲಾಲ್ ಸಾಬ್ ಹೋದ. ಸ್ವಲ್ಪ ಹೊತ್ತಿಗೆ ದೂರದ ಕೂಗು ನಡುವೆಯೇ ನಿಂತಿತು.

ಆಟೋದಿಂದ ಇಳಿದ ಮೌನಪ್ಪ ಸಣ್ಣಗಾಗಿದ್ದ. ಮೀಸೆ ಬೆಳ್ಳಗಾಗಿತ್ತು. ಮೊಣಕಾಲಿಗೆ, ಮೊಣಕೈಗೆ ಕರಿಮಣ್ಣು ಮೆತ್ತಿತ್ತು. ಅಂಗಳದಲ್ಲಿಯೇ ನಿಂತ.

"ಮುಂಜಾನಿಂದ ಅಲ್ಲಿ ಏನು ಮಾಡಾಕತ್ತಿದ್ದೆಪಾ ದೊಡ್ಡ ಮನಷ್ಯಾ?" ಎಂದ ಮಲ್ಲಯ್ಯ. "ಇಲ್ಲಿ ಊರಿಗೂರೇ ನಿನ್ನ ದಾರಿ ಕಾಯಾಕತ್ತದ."

"ಬರಬೇಕಂತ ಹೊಂಟಿದ್ದೆ. ಕಾಲು ಬರಲಿಲ್ಲ," ಎಂದ ಮೌನಪ್ಪ. "ಅವನ ಹಕ್ಕಿ ಕರೀತು. ಬಾಯಿ ತಾನೇ ಓಗೊಟ್ಟಿತು."

ದುರುಗಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಹೇಳಬೇಕೆಂದು ಹತ್ತು ವರ್ಷದಿಂದ ಕೂಡಿಟ್ಟದ್ದು ಬಹಳ ಇತ್ತು. "ಕಾಲು ತೊಳಕೋ ಭಾವಾ. ಕರಿಯೋ ಕೆಲಸ ಅದ," ಎಂದಷ್ಟೇ ಅಂದಳು.

ಸಿದಿಗೆ ಎದ್ದಿತು. ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಬಸ್ಸಮ್ಮ ಪಂಜರವನ್ನೂ ಹಿಡಿದುಕೊಂಡು ಬಂದಳು. ಬೆಕ್ಕಿನ ಬಾಯಿಗೆ ಹೋದರೆ ಆ ಮಾತನ್ನೂ ತಾನೇ ಕೇಳಬೇಕು ಎಂದು ಗೊಣಗಿದಳು. ಕೂಳೆ ನಿಂತ ಹೊಲಗಳ ನಡುವಿನ ಬಂಡಿದಾರಿ. ಹೊತ್ತು ಇಳಿದಿತ್ತು. ಮೌನಪ್ಪ ಹೆಗಲು ಕೊಡಲಿಲ್ಲ. ಎಲ್ಲರಿಗಿಂತ ಹಿಂದೆ ನಡೆದ.

ಇಳಿಸುವ ಕಲ್ಲಿನ ಮೇಲೆ ಸಿದಿಗೆ ಇಳಿಸಿದರು. ಗದ್ದೆಪ್ಪನ ಮುಖ ಈಗಲೂ ಬಲಕ್ಕೇ ಇತ್ತು. ಬಲಗಿವಿ ಕೆಳಗಾಗಿ ಸಿದಿಗೆಗೆ ಒತ್ತಿಕೊಂಡಿತ್ತು. ಮಲ್ಲಯ್ಯ ಗದ್ದ ಹಿಡಿದು ನೇರ ಮಾಡಲು ಹೋದ.

"ಬಾ ಮೌನಪ್ಪ. ಬಲಗಿವಿಗಿ ಬಾಯಿಡು. ಮೂರು ಸಲ."

ಮೌನಪ್ಪ ಬಂದು ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಬಾಯಿ ತೆರೆದ. ದನಿ ಬರಲಿಲ್ಲ.

"ಕರಿಯೋ ಮಾರಾಯಾ. ಮುಂಜಾನಿಂದ ನಾಲಾದಾಗ ಕೂಗಿದಿ. ಇಲ್ಲಿ ಏನಾತು?"

"ಆ ಕಿವಿಯಾಗ ಬ್ಯಾಡ," ಎಂದ ಮೌನಪ್ಪ.

"ಯಾಕ?"

"ಆ ಕಿವಿ ಕೇಳಂಗಿಲ್ಲ."

"ಸತ್ತವಂಗ ಯಾವ ಕಿವಿ ಕೇಳತದಪಾ?" ಎಂದು ಮಲ್ಲಯ್ಯನ ದನಿ ಏರಿತು.

ಮೌನಪ್ಪ ಮಲ್ಲಯ್ಯನಿಗೆ ಹೇಳಲಿಲ್ಲ. ದುರುಗಮ್ಮನನ್ನು ನೋಡಿ ಹೇಳಿದ. "ಅವತ್ತು ನನ್ನ ಕೈಯಾಗ ನಾಡಬಂದೂಕು ಇತ್ತವ್ವ. ಕಂಟಿ ಅಲ್ಲಾಡಿತು, ಹಕ್ಕಿ ಅಂದುಕೊಂಡೆ. ನಳಿಗಿ ಅವನ ಕಿವಿ ಮಗ್ಗಲದಾಗೇ ಇತ್ತು. ಗುಂಡು ಹಾಯಲಿಲ್ಲ. ಸದ್ದು ಹಾಯ್ತು. ಅವತ್ತಿನಿಂದ ಆ ಕಿವಿ ಸತ್ತದ."

ದುರುಗಮ್ಮ ಸಿದಿಗೆಗೆ ಒಂದು ಹೆಜ್ಜೆ ಹತ್ತಿರ ಬಂದಳು.

"ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡ. ಕರಿಯೋನಿಗಿ ಒಂದು ಕಿವಿ ಇಲ್ಲ, ಹಕ್ಕಿ ಯಾವ ದಿಕ್ಕಿಗದ ಗೊತ್ತಾಗಂಗಿಲ್ಲ ಅಂದ್ರ ಯಾರು ಶಿಕಾರಿಗಿ ಕರೀತಾರ ಅಂದ. ನಿನಗೂ ಬ್ಯಾಡ ಅಂದ. ನಿನಗ ಹೇಳಿದ್ರ ನೀ ಜೀವ ಇರೋತನಕ ನನ್ನ ಬೈತಿ ಅಂದ."

"ಬೈತಿದ್ದೆ," ಎಂದಳು ದುರುಗಮ್ಮ.

"ಬೈದಿದ್ರ ಬರತಿದ್ದೆ ನಾ. ಗೊತ್ತಿಲ್ಲದಾಕಿ ನೀ ಸುಮ್ಕ ಊಟಕ್ಕ ನೀಡತಿದ್ದಿ. ಅದಕ್ಕ ಬರಲಿಲ್ಲ."

ದುರುಗಮ್ಮ ಗಂಡನ ಮುಖದ ಕಡೆ ನೋಡಿದಳು. ಮಲ್ಲಯ್ಯನ ಕೈ ಇನ್ನೂ ಆ ಗದ್ದದ ಮೇಲಿತ್ತು. ಬಲಕ್ಕೆ ಹೊರಳಿದ ಮುಖ. ಆಕಾಶಕ್ಕೆ ತೆರೆದುಕೊಂಡ ಎಡಗಿವಿ. ನಿನ್ನೆ ಹೊರಸಿನ ಮೇಲೆಯೂ ಹೀಗೆಯೇ ಇತ್ತು. ಅವಳು ನಿಂತು ಬೈದದ್ದು ಆ ಎಡಗಿವಿಯ ಕಡೆಯಲ್ಲಿಯೇ.

"ಹಂಗಾರ ಎದುರಿಗಿ ನಿಂತಾಗೆಲ್ಲಾ..." ಎಂದಳು. ಬಾಗಿ ಮಲ್ಲಯ್ಯನ ಕೈಯನ್ನು ಗದ್ದದಿಂದ ಬಿಡಿಸಿದಳು. "ನೆಟ್ಟಗ ಮಾಡಬ್ಯಾಡ್ರಿ. ಹಂಗೇ ಇರ್ಲಿ."

"ಕರಿಯೋರು ಯಾರೀಗ?" ಎಂದ ಮಲ್ಲಯ್ಯ. "ಹೊತ್ತು ಮುಳುಗತದ."

"ನನಗಾಗಂಗಿಲ್ಲ," ಎಂದ ಮೌನಪ್ಪ. "ಒಂದ್ಸಲ ನನ್ನ ಕೂಗಿಗಿ ಬಂದ ಅಂವ. ಅಷ್ಟು ಸಾಕು."

ದುರುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಿದಿಗೆಯ ಎಡಕ್ಕೆ ಕೂತಳು.

"ಹೆಂಡತಿ ಹೆಸರು ಹಿಡೀಬಾರದು ಯವ್ವಾ," ಎಂದ ಮಲ್ಲಯ್ಯ. "ಆಯುಷ್ಯ..." ಎಂದು ಶುರು ಮಾಡಿ, ಸಿದಿಗೆಯ ಕಡೆ ನೋಡಿ, ಮಾತು ನುಂಗಿದ.

ಅವಳು ಕಿವಿಯ ಮೇಲೆ ಬಿದ್ದಿದ್ದ ಕುಂಕುಮದ ಹುಡಿಯನ್ನು ಬೆರಳ ತುದಿಯಿಂದ ಒರೆಸಿದಳು. ಬಾಯಿ ಹತ್ತಿರ ಒಯ್ದಳು.

"ಗದ್ದೆಪ್ಪಾ," ಎಂದಳು.

ಜೋರಾಗಿ ಅಲ್ಲ. ಪಕ್ಕದಲ್ಲಿ ನಿಂತಿದ್ದ ಗೋಪಮ್ಮನಿಗೂ ಸರಿಯಾಗಿ ಕೇಳಿಸಲಿಲ್ಲ.

ಒಂದು ಗಳಿಗೆ ಕಳೆಯಿತು. "ಹ್ಞಾಂ, ಎರಡನೇದು ಕರೀ," ಎಂದ ಮಲ್ಲಯ್ಯ.

ದುರುಗಮ್ಮ ತಿರುಗಿ ನೋಡಲಿಲ್ಲ. ಬಲಗೈ ಎತ್ತಿ, ಅಂಗೈಯನ್ನು ನೆಲದ ಕಡೆ ಮಾಡಿ, ಗಂಡನ ಎದೆಯ ಮೇಲೆ ಗಾಳಿಯಲ್ಲಿ ಹಿಡಿದಳು.

ಮಲ್ಲಯ್ಯ ಮತ್ತೆ ಬಾಯಿ ತೆರೆದ. ಮೌನಪ್ಪ ಧೋತರದ ಚುಂಗು ಜಗ್ಗಿ ಅವನನ್ನು ಕೂರಿಸಿದ. ತಾನೂ ಟವೆಲ್ಲಿನ ಅಂಚನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡ. ಹೊತ್ತವರು ಹೆಗಲು ತಿಕ್ಕಿಕೊಳ್ಳುವುದನ್ನು ಬಿಟ್ಟರು. ಬಸ್ಸಮ್ಮನ ಕೈಯಲ್ಲಿದ್ದ ಪಂಜರದಿಂದ ಚೀಲ ಅರ್ಧ ಜಾರಿತ್ತು. ಹಕ್ಕಿ ಕತ್ತು ನೀಳ ಮಾಡಿ ಕೂಳೆಯ ಕಡೆ ನೋಡುತ್ತಿತ್ತು, ಕೂಗಲಿಲ್ಲ.

ಬಿಸಿಲು ಹೊಲದ ಆ ಅಂಚಿಗೆ ಸರಿಯಿತು. ಆ ಕೈ ಇನ್ನೂ ಹಾಗೆಯೇ ಇತ್ತು.